ಪರದೆಯ ಹಿಂದಿನಿಂದ ಕೇಳಿದ ನಗು

“ಬುದ್ಧೀ, ಈ ಜನಕ್ಕೆ ಕರುಳು ಅನ್ನುವುದು ಇದೆಯೋ ಇಲ್ಲವೋ?” ಎಂದು ಮಹಾಂತಯ್ಯ ಗುರುಗಳನ್ನು ಕೇಳಿದ.

ಮಠದ ಅಂಗಳದಲ್ಲಿ ಸಿನಿಮಾ ತೋರಿಸುವ ಏರ್ಪಾಡು ಅವನದು. ಹಿಂದಿನ ಸಂಜೆಯ ಚಿತ್ರದಲ್ಲಿ ಗಂಡ ಹೆಂಡತಿಯನ್ನು ಹೊಡೆಯುವಾಗ ಜನ ಶಿಳ್ಳೆ ಹಾಕಿದ್ದರು.

“ಕಿರಾಣಿ ಅಂಗಡಿಯವ ನಕ್ಕ, ಮೇಷ್ಟ್ರು ನಕ್ಕರು, ಮೂರನೇ ಸಾಲು ಪೂರ್ತಿ ನಕ್ಕಿತು. ಇವರಿಗೆ ಹೆಣ್ಣಿನ ಗೋಳು ತೋರಿಸಿ ಏನು ಬಂತು? ಇವತ್ತಿನಿಂದ ಬರೀ ತಮಾಷೆ ಚಿತ್ರ ಹಾಕಿಬಿಡುತ್ತೇನೆ.”

ಅವನ ಸಿಟ್ಟು ಕಂಡು ಗುರುಗಳಿಗೆ ಹಿತವೇ ಆಯಿತು. ಕೂತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ಗೊಂಬೆ ಕುಣಿಸುವವನು ಅವನು, ಹೆಣ್ಣು ಗೊಂಬೆಗಳಿಗೆ ಮಾತು ಕೊಡುವವಳು ಅವನ ಹೆಂಡತಿ. ಒಂದು ವರ್ಷ ತಲೆ ಕೆಡಿಸಿಕೊಂಡು ಅವನು ಹೊಸ ಪ್ರಸಂಗವೊಂದನ್ನು ಕಟ್ಟಿದ. ಅದರಲ್ಲಿ ಮನೆಯವರೆಲ್ಲ ಉಂಡ ಮೇಲೆ ಹಸಿದ ಸೊಸೆ ಬರಿದಾದ ಗಡಿಗೆ ಕೆರೆಯುತ್ತಾಳೆ. ಅದನ್ನು ಒಂದು ಊರಿನಲ್ಲಿ ಆಡಿಸಿದಾಗ, ಗಡಿಗೆ ಕೆರೆಯುವ ಸದ್ದಿಗೆ ಪರದೆಯಾಚೆ ಜನ ಗೊಳ್ಳೆಂದು ನಕ್ಕರು.

ಆಟ ಮುಗಿದದ್ದೇ ತಡ, ಅವನು ಸೊಸೆಯ ಗೊಂಬೆಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ. “ಇನ್ನು ಇವಳನ್ನ ಹೊರಗೆ ತೆಗೆಯೋದಿಲ್ಲ. ಈ ಜನಕ್ಕೆ ಕೋಡಂಗಿಯೇ ಸಾಕು.”

“ನಾವು ಪರದೆ ಹಿಂದೆ ಕೂತೋರು,” ಎಂದಳು ಹೆಂಡತಿ. “ಸದ್ದು ಮಾಡಿದೋರು ಮಾತ್ರ ನಮಗೆ ಗೊತ್ತಾಗ್ತಾರೆ. ನಾಳೆ ಕಾಳು ಎತ್ತೋಕೆ ನನ್ನ ಜೊತೆ ಬಾ.”

ಆಟದ ಮರುದಿನ ಬೆಳಗ್ಗೆ ಮನೆಮನೆಗೆ ಹೋಗಿ ಕಾಳು ಪಡೆಯುವುದು ಅವರ ವಾಡಿಕೆ. ಅವನು ಯಾವಾಗಲೂ ಜಗಲಿಯ ಮುಂದೆ ನಿಲ್ಲುತ್ತಿದ್ದ. ಗಂಡಸರು ಭೇಷ್ ಎನ್ನುತ್ತಿದ್ದರು, ಅವನೂ ಉಬ್ಬುತ್ತಿದ್ದ. ಅಂದು ಹೆಂಡತಿ ಅವನನ್ನು ಹಿತ್ತಿಲ ಬಾಗಿಲಿಗೆ ಕರೆದೊಯ್ದಳು. ಒಬ್ಬ ಹೆಂಗಸು ಮೊರದ ತುಂಬ ಜೋಳ ತಂದು ಸುರಿದಳು. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದಳು: “ಅಣ್ಣಾ, ಆ ಹುಡುಗಿಗೆ ಮಾರನೇ ದಿನವಾದರೂ ಊಟ ಸಿಕ್ತಾ?”

ಅವನ ಪ್ರಸಂಗ ಗಡಿಗೆಯ ಹತ್ತಿರವೇ ಮುಗಿದಿತ್ತು. ಮಾರನೇ ದಿನದ ಯೋಚನೆ ಕಟ್ಟಿದವನಿಗೇ ಬಂದಿರಲಿಲ್ಲ.

ಮುಂದಿನ ಊರಿನಲ್ಲಿ ಅವನು ಸೊಸೆಯನ್ನು ಮತ್ತೆ ಹೊರತೆಗೆದ. ಅಲ್ಲಿಯೂ ಜನ ನಕ್ಕರು. ನಗು ತಣ್ಣಗಾಗುವವರೆಗೆ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದು ಕಾದ. ಆಮೇಲೆ, ನಿಧಾನವಾಗಿ, ಮಾರನೇ ದಿನದ ಕತೆಯನ್ನು ಆಡಿಸಿದ.

ಮಹಾಂತಯ್ಯನ ಮುಖ ಅರಳಿತು. “ಹಾಗಾದರೆ ಅದೇ ಚಿತ್ರವನ್ನು ಇವತ್ತೂ ಹಾಕುತ್ತೇನೆ, ಬುದ್ಧೀ. ನಗುವವರು ನಕ್ಕುಕೊಳ್ಳಲಿ.”

“ಹಾಕಪ್ಪಾ,” ಎಂದರು ಗುರುಗಳು. “ಅಂದಹಾಗೆ, ನಿನ್ನೆ ಚಿತ್ರದ ಕೊನೆಗೆ ಆ ಹೆಣ್ಣಿನ ಗತಿ ಏನಾಯಿತು?”

ಮಹಾಂತಯ್ಯ ಚಿತ್ರ ಮುಗಿಯುವವರೆಗೂ ನಕ್ಕವರನ್ನೇ ದುರುಗುಟ್ಟಿ ನೋಡುತ್ತಿದ್ದ; ಪರದೆಯ ಕಡೆ ನೋಡಿರಲೇ ಇಲ್ಲ.