ಮರಳಿನ ಗುಡಾಣ

"ಅಕ್ಕಾ, ಊದಿಕೊಂಡ ಬ್ಯಾಟರಿಯನ್ನು ಎಲ್ಲರೆದುರೇ ಯಾಕೆ ಮರಳಿಗೆ ಹಾಕಬೇಕು? ಯಾರೂ ಇಲ್ಲದಾಗ ಹಾಕಿದರೆ ಮರಳು ಬೇಡ ಅನ್ನುತ್ತದೆಯೆ?"

ಧನಪಾಲ ಹೀಗೆ ಕೇಳಿದಾಗ ಅಂಬುಜಕ್ಕ ರಿಮೋಟಿನಿಂದ ಹಾರಿಸುವ ಒಂದು ಪುಟ್ಟ ವಿಮಾನದ ರೆಕ್ಕೆಗೆ ಅಂಟು ಹಚ್ಚುತ್ತಿದ್ದರು. ಆ ಮೈದಾನದಲ್ಲಿ ವಿಮಾನ ಹಾರಿಸುವ ಹವ್ಯಾಸ ಹಿಡಿದವರೆಲ್ಲ ಅವರ ಶಿಷ್ಯರೇ. ಊದಿದ ಬ್ಯಾಟರಿ ಯಾವ ಗಳಿಗೆಯಲ್ಲಾದರೂ ಹೊತ್ತಿಕೊಳ್ಳಬಹುದೆಂದು ಮೈದಾನದ ಅಂಚಿನಲ್ಲಿ ಮರಳು ತುಂಬಿದ ಗುಡಾಣವೊಂದನ್ನು ಇಟ್ಟಿದ್ದರು. ಯಾರದೇ ಬ್ಯಾಟರಿ ಊದಿಕೊಳ್ಳಲಿ, ಅದು ಯಾರದೋ ಅವರೇ ಎತ್ತಿ ಹಿಡಿದು, "ಇದು ನನ್ನದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಗುಡಾಣಕ್ಕೆ ಇಳಿಸಬೇಕು. ನಗುವವರು ನಗುತ್ತಾರೆ. ಅದು ಅಲ್ಲಿನ ಪದ್ಧತಿ.

"ಕೂತುಕೋ" ಎಂದರು ಅಂಬುಜಕ್ಕ.

ಧನಪಾಲ ಕೂತ. ಹೆಗಲ ಚೀಲವನ್ನು ನೆಲಕ್ಕಿಡದೆ ತೊಡೆಯ ಮೇಲಿಟ್ಟುಕೊಂಡ. ಅದರೊಳಗೆ ಅವನ ಬ್ಯಾಟರಿ ದಿಂಬಿನ ಹಾಗೆ ಊದಿಕೊಂಡಿತ್ತು. ಬೆಳಿಗ್ಗೆ ಅವನ ಜೊತೆಗೇ ಕಲಿಯುವ ಶಕೀಲಾ ತನ್ನ ವಿಮಾನಕ್ಕೆ ಒಂದು ಬ್ಯಾಟರಿ ಬೇಕೆಂದು ಕೇಳಿದಾಗ ಚೀಲ ತೆರೆಯದೆಯೇ "ಅದಕ್ಕೇನಂತೆ, ಕೊಡ್ತೀನಿ" ಎಂದುಬಿಟ್ಟಿದ್ದ. ತೆರೆದು ನೋಡಿದ್ದು ಆಮೇಲೆ.

ಅಂಬುಜಕ್ಕ ರೆಕ್ಕೆಯಿಂದ ಕಣ್ಣು ಎತ್ತದೆ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ನಡುವಯಸ್ಸಿನಲ್ಲಿ ಅವನಿಗೆ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ಇಸ್ಪೀಟಿಗಿಂತ ವಾಸಿ ಎಂದು ಮನೆಯವರು ಸುಮ್ಮನಾದರು.

ಮೊದಲ ದಿನ ಮೈದಾನಕ್ಕೆ ಹೋಗುವಾಗ ಅವನು ಬ್ಯಾಟರಿ ಚಾರ್ಜ್ ಮಾಡುವುದನ್ನೇ ಮರೆತಿದ್ದ. ವಿಮಾನ ಎರಡು ಮಾರು ಓಡಿ ನಿಂತುಬಿಟ್ಟಿತು. ಅಲ್ಲಿ ಒಬ್ಬ ದರ್ಜಿ ಇದ್ದ. ಕೈಯಷ್ಟೇ ಬಾಯಿಯೂ ಚುರುಕು.

"ಸಾಹುಕಾರ್ರ ವಿಮಾನ ಊಟ ಮಾಡದೆ ಬಂದಿದೆ ಕಣ್ರಪ್ಪಾ, ಯಾರಾದ್ರೂ ಒಂದು ತುತ್ತು ಹಾಕಿ" ಎಂದ.

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ದರ್ಜಿಯೇ ತನ್ನ ಬ್ಯಾಟರಿ ಕೊಟ್ಟ, ವಿಮಾನ ಮೇಲೇರುವ ತನಕ ಪಕ್ಕದಲ್ಲೇ ನಿಂತು ಹೇಳಿಕೊಟ್ಟ. ಬ್ಯಾಟರಿ ಕೊಟ್ಟದ್ದು ವ್ಯಾಪಾರಿಗೆ ಸಂಜೆಯೊಳಗೆ ಮರೆತುಹೋಯಿತು. ನಕ್ಕದ್ದು ಮರೆಯಲಿಲ್ಲ.

ಅಂದಿನಿಂದ ಅವನ ಬ್ಯಾಟರಿಗಳು ಒಂದು ಗಳಿಗೆಯೂ ಹಸಿದಿರಲಿಲ್ಲ. ಅಂಗಡಿಯ ಅಟ್ಟದಲ್ಲಿ, ಕಾದ ತಗಡಿನ ಕೆಳಗೆ, ಎಲ್ಲವೂ ಕಂಠಪೂರ್ತಿ ತುಂಬಿ ಸಾಲಾಗಿ ಕೂತಿರುತ್ತಿದ್ದವು. ಮೈದಾನದ ಹಿರಿಯರು ಅವನಿಗೆ ತಿಳಿಹೇಳಿದ್ದರು. ಹಾರಿಸುವ ದಿನ ಮಾತ್ರ ತುಂಬಿಸು. ಹಾರಿಸದೆ ಉಳಿದದ್ದನ್ನು ಮನೆಗೆ ಹೋದೊಡನೆ ಅರ್ಧಕ್ಕೆ ಇಳಿಸು, ಚಾರ್ಜರಿನಲ್ಲೇ ಅದಕ್ಕೊಂದು ಗುಂಡಿ ಇದೆ. ತಂಪಾದ ಕಡೆ, ಬೆಂಕಿ ಹತ್ತದ ಡಬ್ಬದಲ್ಲಿಡು. ಪೂರ್ತಿ ಬರಿದಾದರೂ ಅದು ಸಾಯುತ್ತದೆ, ಪೂರ್ತಿ ತುಂಬಿ ಕೂರಿಸಿದರೂ ಒಳಗೊಳಗೇ ಕೆಡುತ್ತದೆ. ವ್ಯಾಪಾರಿ ತಲೆಯಾಡಿಸಿದ್ದ. ಆದರೆ ಯಾರಾದರೂ ಇದ್ದಕ್ಕಿದ್ದಂತೆ ಬಂದು "ಬನ್ನಿ ಹಾರಿಸೋಣ" ಎಂದರೆ? "ಸ್ವಲ್ಪ ತಾಳಿ, ಇನ್ನೂ ಅರ್ಧ ಇದೆ" ಎಂದು ಹೇಳಬೇಕಾಗಿ ಬಂದರೆ? ಆ ಮಾತನ್ನು ನೆನೆದರೇ ಅವನ ಕಿವಿ ಬಿಸಿಯಾಗುತ್ತಿತ್ತು.

ಆಷಾಢ ಬಂತು. ಗಾಳಿಗೆ ಹೆದರಿ ಯಾರೂ ವಿಮಾನ ಹೊರಗೆ ತೆಗೆಯಲಿಲ್ಲ. ವ್ಯಾಪಾರಿ ಮಾತ್ರ ಆಗಾಗ ಅಟ್ಟ ಹತ್ತಿ, ಚೂರುಪಾರು ಇಳಿದದ್ದನ್ನೂ ಮತ್ತೆ ತುಂಬಿಸಿ ಬರುತ್ತಿದ್ದ. ಗಾಳಿ ನಿಂತ ಮೇಲೆ ಒಂದು ದಿನ ನೋಡಿದರೆ, ಒಂದೊಂದೂ ಎಣ್ಣೆಯಿಂದ ಆಗಷ್ಟೇ ತೆಗೆದ ಪೂರಿಯ ಹಾಗೆ ಉಬ್ಬಿ ಕೂತಿತ್ತು.

ಹೆದರಿಕೆಗಿಂತ ಮೊದಲು ಅವನಿಗೆ ನಾಚಿಕೆಯಾಯಿತು. ಆ ಮೈದಾನದಲ್ಲೂ ಇಂಥದೇ ಒಂದು ಗುಡಾಣ ಇತ್ತು. ಅದರ ಮುಂದೆ ನಿಂತು ಒಂದಾದ ಮೇಲೊಂದು ಎತ್ತಿ ಹಿಡಿದು, "ಇದು ನನ್ನದು, ಇದೂ ನನ್ನದೇ" ಎನ್ನುವುದು ಅವನ ಕಣ್ಣಿಗೆ ಕಟ್ಟಿತು. ದರ್ಜಿ ಏನನ್ನುತ್ತಾನೆ ಎಂಬುದನ್ನೂ ತಾನೇ ಹೊಂದಿಸಿಕೊಂಡ: "ಸಾಹುಕಾರ್ರು ಮೊದಲು ಉಪವಾಸ ಕೆಡವಿದ್ರು, ಈಗ ತಿನ್ನಿಸಿ ತಿನ್ನಿಸಿ ಕೊಂದ್ರು." ದರ್ಜಿಗೂ ಅಷ್ಟು ಚೆನ್ನಾಗಿ ಹೊಳೆಯುತ್ತಿತ್ತೋ ಇಲ್ಲವೋ.

ಹೆಚ್ಚು ಊದಿದ್ದವನ್ನು ಅಟ್ಟದ ಮೂಲೆಗೆ ತಳ್ಳಿದ. ಕಡಿಮೆ ಊದಿದ್ದವನ್ನು ಅಂಗೈಯಲ್ಲಿ ಅದುಮಿ, ಕಪ್ಪು ಟೇಪು ಬಿಗಿದು, ಪೆಟ್ಟಿಗೆಯಲ್ಲಿ ಜೋಡಿಸಿದ. ಹಾರಿಸುವ ಉದ್ದೇಶ ಅವನಿಗಿರಲಿಲ್ಲ. ಪೆಟ್ಟಿಗೆ ತೆರೆದರೆ ತುಂಬಿದಂತೆ ಕಂಡರೆ ಸಾಕಿತ್ತು. ಹೊಸವು ಬರುವ ತನಕ ಕಾಲು ಉಳುಕಿದೆ ಎಂದು ಹೇಳಿಕೊಂಡು ಕೂರುವುದೆಂದು ಹೊರಟ.

ಅಂದು ದರ್ಜಿ ಹೊಸ ವಿಮಾನ ತಂದಿದ್ದ. ವರ್ಷವೆಲ್ಲ ಕೂತು ಕಟ್ಟಿದ್ದು. ರವಿಕೆ ಹೊಲಿದು ಉಳಿದ ರೇಷ್ಮೆ ತುಂಡುಗಳನ್ನು ಜೋಡಿಸಿ ರೆಕ್ಕೆಗೆ ಹೊದಿಸಿದ್ದ. ಎಲ್ಲಿ ಕೂಡಿಸಿದ್ದಾನೆಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಹಾರಿಸುವ ಹೊತ್ತಿಗೆ ಅವನ ಬ್ಯಾಟರಿಯ ವೈರು ಕಿತ್ತು ಬಂತು.

"ಸಾಹುಕಾರ್ರೇ, ಒಂದು ಬ್ಯಾಟರಿ ಕೊಡಿ. ನಿಮ್ಮನೇಲಿ ದಿನಾ ಹಬ್ಬದೂಟ ಅಲ್ವಾ?"

'ಊದಿವೆ ಮಾಸ್ಟ್ರೇ.' ಇಷ್ಟೇ ಹೇಳಬೇಕಾಗಿದ್ದದ್ದು. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಸುತ್ತ ಜನ ನಿಂತಿದ್ದರು. ವ್ಯಾಪಾರಿ ಪೆಟ್ಟಿಗೆಗೆ ಕೈ ಹಾಕಿ ಒಂದನ್ನು ಎತ್ತಿಕೊಟ್ಟ.

"ಟೇಪು ಯಾಕೆ ಸುತ್ತಿದೀರಿ?"

"ಭದ್ರವಾಗಿರಲಿ ಅಂತ."

ದರ್ಜಿ ಮತ್ತೆ ಕೇಳಲಿಲ್ಲ. ಸಾಹುಕಾರರ ಮಾತು ತಾನೆ.

ವಿಮಾನ ಎದ್ದಿತು. ಮೈದಾನವನ್ನು ಒಂದು ಸುತ್ತು ಹಾಕಿತು. ಬಿಸಿಲಿಗೆ ರೇಷ್ಮೆ ಹೊಳೆಯಿತು, ಜನ ಚಪ್ಪಾಳೆ ತಟ್ಟಿದರು. ಎರಡನೆಯ ಸುತ್ತಿಗೆ ಅದರ ಹೊಟ್ಟೆಯಿಂದ ಹೊಗೆ ಬಂತು. ಕೆಳಗೆ ಬೀಳುವ ಮೊದಲೇ ರೆಕ್ಕೆಗಳಿಗೆ ಬೆಂಕಿ ಹತ್ತಿತ್ತು. ಮರಳು ಹೊತ್ತು ಓಡಿದವರಿಗೆ ಸಿಕ್ಕಿದ್ದು ಬೂದಿ, ಒಂದಿಷ್ಟು ತಂತಿ.

ದರ್ಜಿ ಕೈಯೊರೆಸಿಕೊಳ್ಳುತ್ತಾ ನೇರ ವ್ಯಾಪಾರಿಯ ಹತ್ತಿರ ಬಂದ. ವ್ಯಾಪಾರಿ ಬೈಗುಳಕ್ಕೆ ಸಿದ್ಧನಾಗಿ ನಿಂತ. ದರ್ಜಿ ತಲೆ ತಗ್ಗಿಸಿದ.

"ತಪ್ಪಾಯ್ತು ಸಾಹುಕಾರ್ರೇ. ನಾನೇ ಎಲ್ಲೋ ವೈರು ಹೆಚ್ಚುಕಮ್ಮಿ ಮಾಡಿದೀನಿ. ನಂಬಿ ಕೊಟ್ರಿ, ನಿಮ್ಮ ಒಳ್ಳೇ ಬ್ಯಾಟರಿ ಸುಟ್ಟುಬಿಟ್ಟೆ."

ಎಲ್ಲರೂ ವ್ಯಾಪಾರಿಯ ಮುಖ ನೋಡಿದರು. ಈ ಸಲ ಯಾರೂ ನಗುತ್ತಿರಲಿಲ್ಲ.

"ಇರಲಿ ಬಿಡಿ ಮಾಸ್ಟ್ರೇ" ಎಂದ ವ್ಯಾಪಾರಿ.

"ಎಂಥಾ ದೊಡ್ಡ ಮನಸ್ಸು ನೋಡಿ" ಎಂದು ಹಿಂದಿನಿಂದ ಯಾರೋ ಅಂದರು.

ಅಂಗಡಿಗೆ ಹೋದವನು ಅಟ್ಟದಲ್ಲಿದ್ದವನ್ನೆಲ್ಲ ಕೆಳಗಿಳಿಸಿ ಪೆಟ್ಟಿಗೆಯಲ್ಲಿದ್ದವಕ್ಕೆ ಸೇರಿಸಿದ. ಊರ ಹೊರಗೆ, ಯಾರೂ ಕಾಣದ ಕಡೆ, ಒಬ್ಬನೇ ಮರಳಿನಲ್ಲಿ ಹೂತು ಬಂದ. ಹೊಸವನ್ನು ತರಿಸಿದ. ಅವನ್ನು ಹಿರಿಯರು ಹೇಳಿದಂತೆಯೇ ಅರ್ಧಕ್ಕೆ ಇಳಿಸಿ, ತಂಪಿನಲ್ಲಿಟ್ಟು, ತುಂಬಿಸುವಾಗ ಕದಲದೆ ಪಕ್ಕದಲ್ಲಿ ಕೂತು ಕಾದ. ಮತ್ತೆಂದೂ ಅವನ ಒಂದು ಬ್ಯಾಟರಿಯೂ ಊದಲಿಲ್ಲ.

ದರ್ಜಿ ಮಾತ್ರ ಅವನನ್ನು ಗೇಲಿ ಮಾಡುವುದನ್ನು ಬಿಟ್ಟ. ವ್ಯಾಪಾರಿ ಮೈದಾನಕ್ಕೆ ಬಂದರೆ ಎದ್ದು ನಿಂತು ಜಾಗ ಕೊಡುತ್ತಿದ್ದ. ಬೇರೆಯವರ ಜೊತೆ ನಗುತ್ತಿದ್ದವನು ಅವನನ್ನು ಕಂಡೊಡನೆ ದನಿ ತಗ್ಗಿಸುತ್ತಿದ್ದ. ವ್ಯಾಪಾರಿ ಒಂದು ಸಲ ಬೇಕೆಂದೇ ಚಾರ್ಜ್ ಇಲ್ಲದ ಬ್ಯಾಟರಿ ಹಾಕಿಕೊಂಡು ಬಂದ. ವಿಮಾನ ಎರಡು ಮಾರು ಓಡಿ ನಿಂತಿತು. ಅವನು ದರ್ಜಿಯ ಬಾಯನ್ನೇ ನೋಡಿದ.

"ಯಾರಿಗಾದ್ರೂ ಆಗುತ್ತೆ ಸಾಹುಕಾರ್ರೇ" ಎಂದ ದರ್ಜಿ, ತನ್ನ ಬ್ಯಾಟರಿಯನ್ನು ಬಿಚ್ಚಿ ಎರಡೂ ಕೈಯಿಂದ ಕೊಟ್ಟ.

ಅಂಬುಜಕ್ಕ ರೆಕ್ಕೆಯನ್ನು ಒಣಗಲು ಪಕ್ಕಕ್ಕಿಟ್ಟು, ಬೆರಳಿಗಂಟಿದ ಅಂಟನ್ನು ಉಜ್ಜಿ ತೆಗೆಯತೊಡಗಿದರು. ಧನಪಾಲ ಚೀಲದ ಬಾಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದ.

"ಆಮೇಲಾದರೂ ಅವನು ದರ್ಜಿಗೆ ಹೇಳಿದನೇ ಅಕ್ಕಾ?"

"ಶಕೀಲಾ ವಿಮಾನದ ಮುಚ್ಚಳ ತೆಗೆದಿಟ್ಟುಕೊಂಡು ನಿನ್ನ ಬ್ಯಾಟರಿಗೆ ಕಾಯುತ್ತಿದ್ದಾಳೆ, ನೋಡು."