ಅರವಟ್ಟಿಗೆಯ ಹತ್ತು ಮಂದಿ

"ಗುರುಗಳೇ, ಹತ್ತು ಜನ ಸೇರಿ ಕಟ್ಟಿದ್ದು ಒಬ್ಬನ ಒಂದು ಮಾತಿನಿಂದ ಒಡೆದುಹೋದರೆ ಆ ಪಾಪ ಯಾರಿಗೆ?"

ಕೇಳಿದವನು ಕೊಟ್ರೇಶ. ಕೇಳಿಸಿಕೊಂಡವರು ಮರುಳಸಿದ್ದಯ್ಯನವರು. ಇಪ್ಪತ್ತು ವರ್ಷದ ಹಿಂದೆ ಪಾಲಿಟೆಕ್ನಿಕ್‌ನಲ್ಲಿ ಅವನಿಗೆ ಕಂಪ್ಯೂಟರ್ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಮಠದ ಹಿಂದಿನ ಒಂದು ಕೋಣೆಯಲ್ಲಿದ್ದರು. ಬಂದವರಿಗೆ ಚಾಪೆ ಹಾಸಿ ಕೂರಿಸುತ್ತಿದ್ದರು. ನೇರವಾದ ಉತ್ತರ ಮಾತ್ರ ಅವರಿಂದ ಯಾರಿಗೂ ಸಿಕ್ಕಿರಲಿಲ್ಲ.

"ಯಾವ ಹತ್ತು ಜನ? ಏನು ಕಟ್ಟಿದ್ದು?" ಎಂದರು.

ಕೊಟ್ರೇಶ ಹೇಳಿದ. ಹನ್ನೊಂದು ವರ್ಷದ ಹಿಂದೆ ಅವನೊಬ್ಬನೇ ಕೂತು ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆಂದು ಒಂದು ಡೆಸ್ಕ್‌ಟಾಪ್ ಬರೆಯಲು ಶುರುಮಾಡಿದ್ದ. ಕಂಪ್ಯೂಟರ್ ಹಚ್ಚಿದೊಡನೆ ಕಣ್ಣಿಗೆ ಬೀಳುವ ಪರದೆ, ಅದರ ಕೆಳಗಿನ ಪಟ್ಟಿ, ಮೆನು, ತೆರೆದು ಮುಚ್ಚುವ ಕಿಟಕಿಗಳು, ಎಲ್ಲ ಸೇರಿ ಒಂದು. ಅದಕ್ಕೆ 'ಪಡಸಾಲೆ' ಎಂದು ಹೆಸರಿಟ್ಟ. ಪುಕ್ಕಟೆಯಾಗಿ ಕೊಟ್ಟ. ಒಳಗಿನ ಕೋಡನ್ನೂ ಮುಚ್ಚಿಡಲಿಲ್ಲ. ಬೇಕಾದವರು ಒಯ್ಯಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಒಬ್ಬೊಬ್ಬರಾಗಿ ಬಂದು ಹತ್ತು ಮಂದಿ ಅವನ ಜೊತೆಗೂಡಿದರು. ಯಾರಿಗೂ ಸಂಬಳವಿಲ್ಲ. ಹಳೆಯ ಕಂಪ್ಯೂಟರುಗಳೇ ಗತಿಯಾದ ಶಾಲೆಗಳಲ್ಲಿ, ವಾಚನಾಲಯಗಳಲ್ಲಿ, ಅವರು ಹೆಸರೂ ಕೇಳಿರದ ಊರುಗಳಲ್ಲಿ ಪಡಸಾಲೆ ಓಡುತ್ತಿತ್ತು.

ಈಗ ಜಗಳ ಹತ್ತಿಕೊಂಡಿತ್ತು. ಪಡಸಾಲೆ ಮುಂದೆ ಹೇಗಿರಬೇಕು ಎಂಬುದೇ ಜಗಳ. ಐದು ಮಂದಿ, ಹಳೆಯದನ್ನೆಲ್ಲ ಕಿತ್ತು ಬುಡದಿಂದ ಬರೆಯೋಣ, ಪರದೆ ಖಾಲಿ ಇರಲಿ, ಆಯ್ಕೆಗಳು ನಾಲ್ಕು ಸಾಕು ಎನ್ನುತ್ತಿದ್ದರು. ಇನ್ನೈದು ಮಂದಿ, ಯಾರು ಯಾವುದಕ್ಕೆ ಒಗ್ಗಿಕೊಂಡಿದ್ದಾರೋ ಏನೋ, ಒಂದು ಗುಂಡಿಯನ್ನೂ ಮುಟ್ಟಕೂಡದು ಎನ್ನುತ್ತಿದ್ದರು. ಮೂರು ತಿಂಗಳಲ್ಲಿ ನಾನೂರು ಇ-ಮೇಲ್ ಓಡಾಡಿದ್ದವು. ಅವುಗಳಲ್ಲಿ ಅರವತ್ತು, ಮೆನು ಎಡಕ್ಕಿರಬೇಕೋ ನಡುವೆ ಇರಬೇಕೋ ಎಂಬುದಕ್ಕೇ ಮೀಸಲಾಗಿದ್ದವು. ಕೊನೆಗೆ ಎರಡೂ ಕಡೆಯವರು, ಕೊಟ್ರೇಶ ಹೇಳಿದಂತೆ ಆಗಲಿ ಎಂದು ಅದನ್ನು ಅವನ ಕೊರಳಿಗೆ ಕಟ್ಟಿದರು. ತಮ್ಮ ಮಾತು ನಡೆಯದಿದ್ದರೆ ಹೊರಟುಬಿಡುತ್ತೇವೆ ಎಂಬುದನ್ನು ಸೇರಿಸಲು ಮರೆಯಲಿಲ್ಲ. ಭಾನುವಾರ ಸಭೆ.

"ಯಾವ ಕಡೆ ಕೈ ಎತ್ತಿದರೂ ಪಡಸಾಲೆ ಒಡೆಯುತ್ತೆ. ಹನ್ನೊಂದು ವರ್ಷದ ಕೆಲಸ, ಗುರುಗಳೇ. ನನ್ನ ಬಾಯಿಂದ ಒಡೆಯೋದು ಬೇಡ, ನಾನೇ ಬಿಟ್ಟುಹೋಗ್ತೀನಿ ಅಂತ ರಾಜೀನಾಮೆ ಬರೆದಿಟ್ಟಿದೀನಿ. ಕಳಿಸೋಕೆ ಮುಂಚೆ ನಿಮ್ಮನ್ನೊಂದು ಮಾತು ಕೇಳೋಣ ಅಂತ ಬಂದೆ."

ಗುರುಗಳು ರಾಜೀನಾಮೆಯ ಬಗ್ಗೆ ಏನೂ ಕೇಳಲಿಲ್ಲ. ಗೋಡೆಗೆ ಒರಗಿ ಕೂತು ಕತೆ ಹೇಳತೊಡಗಿದರು.

ಎರಡು ಊರುಗಳ ನಡುವೆ ಒಂದು ದಾರಿ. ನಾಲ್ಕು ಹರದಾರಿ ಉದ್ದ. ಹಳ್ಳವಿಲ್ಲ, ಬಾವಿಯಿಲ್ಲ. ಆ ದಾರಿಯ ಒಂದು ತುದಿಯ ಊರಲ್ಲಿ ಒಬ್ಬ ಕುಂಬಾರನಿದ್ದ. ಬೇಸಿಗೆಯಲ್ಲಿ ನಡೆದು ಬಂದವರ ಮುಖ ನೋಡಲಾರದೆ, ಊರಾಚೆಯ ಹುಣಸೆಮರದ ಕೆಳಗೆ ಎರಡು ಗಡಿಗೆ ಇಟ್ಟು ನೀರು ತುಂಬಿಸಿದ. ಅರವಟ್ಟಿಗೆ ಶುರುವಾದದ್ದು ಹಾಗೆ. ಅಲ್ಲಿಯ ಕಟ್ಟಳೆ ಎರಡೇ. ಬಂದವರನ್ನು ಯಾರು ಎಂದು ಕೇಳಬಾರದು. ಸಾಕು ಎನ್ನುವ ತನಕ ಹೊಯ್ಯುವುದನ್ನು ನಿಲ್ಲಿಸಬಾರದು. ಹತ್ತು ಜನ ಅವನೊಂದಿಗೆ ಸೇರಿಕೊಂಡರು. ದಿನಕ್ಕೊಬ್ಬರು ಸರದಿಯ ಮೇಲೆ ಊರೊಳಗಿನ ಬಾವಿಯಿಂದ ನೀರು ಹೊತ್ತು ತುಂಬಿಸುತ್ತಿದ್ದರು.

ವರ್ಷ ಕಳೆದಂತೆ ಮರದ ಕೆಳಗೆ ಸಾಮಾನು ಬೆಳೆಯಿತು. ಒಬ್ಬ ಚೆಂಬು ತಂದಿಟ್ಟ. ಇನ್ನೊಬ್ಬ ಮಕ್ಕಳಿಗೆಂದು ಗಿಂಡಿ ತಂದಿಟ್ಟ. ಬೊಗಸೆಯಲ್ಲಿ ಕುಡಿಯುವವರಿಗೆ ಹೊಯ್ಯಲು ಚಿಪ್ಪಿನ ಸೌಟು ಬಂತು. ಎತ್ತುಗಳಿಗೆ ಕಲ್ಲಿನ ತೊಟ್ಟಿ ಬಂತು. ಹೊರೆ ಇಳಿಸಿ ಕೂರಲು ಚಪ್ಪಡಿ ಬಂತು. ಕೊನೆಕೊನೆಗೆ ಕಾಲಿಡಲು ಜಾಗವಿಲ್ಲದಂತಾಯಿತು.

ಹತ್ತು ಜನರಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನು ದೂರದ ಪಟ್ಟಣಕ್ಕೆ ಹೋಗಿ ಬಂದಿದ್ದ. ಅಲ್ಲೊಂದು ಕಡೆ ಒಂದೇ ದೊಡ್ಡ ತಾಮ್ರದ ಹಂಡೆ, ಅದಕ್ಕೊಂದು ಹಿತ್ತಾಳೆಯ ನಲ್ಲಿ. ತಿರುಗಿಸಿದರೆ ನೀರು. ಚೆಂಬಿಲ್ಲ, ಸೌಟಿಲ್ಲ, ಹೊಯ್ಯಲು ಆಳೂ ಬೇಡ. ಅವನಿಗೆ ಅದರ ಹುಚ್ಚು ಹಿಡಿಯಿತು.

"ಬಾಯಾರಿದವನಿಗೆ ಬೇಕಾದ್ದು ನೀರು. ಈ ಸಂತೆ ಎಲ್ಲ ಯಾತಕ್ಕೆ?" ಎಂದ ವ್ಯಾಪಾರಿ.

ಹತ್ತು ಜನರಲ್ಲಿ ಒಬ್ಬ ರೈತನೂ ಇದ್ದ. "ಎತ್ತಿಗೆ ನಲ್ಲಿ ತಿರುಗಿಸೋಕೆ ಬರ್ತದೇನಪ್ಪ?" ಎಂದ.

ಐದು ಜನ ವ್ಯಾಪಾರಿಯ ಕಡೆಗಾದರು. ಐದು ಜನ ರೈತನ ಕಡೆಗಾದರು. ಕುಂಬಾರ ನಡುವೆ ಸಿಕ್ಕಿಬಿದ್ದ. ವ್ಯಾಪಾರಿ ಮಾತಾಡುವಾಗ ಅವನ ಮಾತು ಸರಿ ಎನಿಸುತ್ತಿತ್ತು. ರೈತ ಮಾತಾಡುವಾಗ ಇವನ ಮಾತು ಸರಿ ಎನಿಸುತ್ತಿತ್ತು. ಮನೆಗೆ ಹೋಗಿ ಚಕ್ರದ ಮುಂದೆ ಕೂತರೆ ಎರಡೂ ಸರಿ ಎನಿಸಿ ಗಡಿಗೆ ಸೊಟ್ಟಗಾಗುತ್ತಿತ್ತು.

ವಾದಕ್ಕೆ ಒಂದು ಜಾಗ ಬೇಕಲ್ಲ. ಊರಾಚೆ ನೆರಳಿದ್ದದ್ದು ಆ ಹುಣಸೆಮರ ಒಂದೇ. ಹತ್ತೂ ಜನ ದಿನಾ ಮಧ್ಯಾಹ್ನ ಅಲ್ಲಿಗೇ ಬಂದರು. ಹೊರೆ ಇಳಿಸುವ ಚಪ್ಪಡಿಯ ಮೇಲೆ ಒತ್ತಿಕೊಂಡು ಕೂತರು. ದಾರಿಹೋಕರು ದೂರದಿಂದ ನೋಡಿ, ಇದೇನೋ ದೊಡ್ಡವರ ಪಂಚಾಯಿತಿ, ನಡುವೆ ನಾವು ನುಗ್ಗಬಾರದು ಎಂದು ತಲೆ ತಗ್ಗಿಸಿ ಮುಂದೆ ಹೋದರು. ಕೂಗಾಡಿ ಕೂಗಾಡಿ ಹತ್ತು ಜನರ ಗಂಟಲು ಒಣಗಿತು. ಗಡಿಗೆಯ ನೀರನ್ನು ಅವರೇ ಕುಡಿದರು. ಸರದಿಯವನಿಗೆ ನೀರು ತಾರಪ್ಪ ಎಂದರೆ, ಹಂಡೆಗೆ ತರಬೇಕೋ ಗಡಿಗೆಗೆ ತರಬೇಕೋ ಮೊದಲು ತೀರ್ಮಾನವಾಗಲಿ ಎಂದು ಅವನೂ ಕೂತೇ ಇದ್ದ.

ಇಲ್ಲಿ ಕೊಟ್ರೇಶ ಗಟ್ಟಿಯಾಗಿ ನಕ್ಕುಬಿಟ್ಟ. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕದ್ದು ಅದು. ಆ ಮೂರು ತಿಂಗಳಲ್ಲಿ ಪಡಸಾಲೆಯ ಒಂದು ದೋಷವನ್ನೂ ಯಾರೂ ಸರಿಪಡಿಸಿಲ್ಲ ಎಂಬುದು ನಗುತ್ತಿರುವಾಗಲೇ ಅವನ ನೆನಪಿಗೆ ಬಂತು. ನಗು ಅರ್ಧಕ್ಕೇ ನಿಂತಿತು. ಗುರುಗಳು ಅವನ ಕಡೆ ನೋಡದೆ ಕತೆ ಮುಂದುವರಿಸಿದರು.

ಒಂದು ದಿನ ಬಳೆ ಮಾರುವ ಹೆಂಗಸೊಬ್ಬಳು ಬಂದಳು. ನಾಲ್ಕು ಹರದಾರಿ ನಡೆದು ಬಂದಿದ್ದಳು. ಪಂಚಾಯಿತಿಗೆ ಹೆದರುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಗಡಿಗೆಗೆ ಇಣುಕಿದಳು. ಖಾಲಿ. ಬಳೆಯ ಮಲಾರವನ್ನು ನೆಲಕ್ಕಿಟ್ಟು, ಗಡಿಗೆ ಎತ್ತಿಕೊಂಡು ಬಾವಿಗೆ ಹೋದಳು. ತುಂಬಿ ತಂದಿಟ್ಟು, ಸೌಟಿನಿಂದ ಮೊಗೆದು ಕುಡಿದಳು. ಹತ್ತು ಜನ ನೋಡುತ್ತಾ ಕೂತಿದ್ದರು.

ಕುಡಿದಾದ ಮೇಲೆ ಅವಳು ಕುಂಬಾರನಿಗೆ ಹೇಳಿದಳು. "ಅಣ್ಣಾ, ಈ ಸೌಟಿನ ಹಿಡಿ ಗಿಡ್ಡ. ನೀರು ಅರ್ಧಕ್ಕಿಳಿದರೆ ಕೈ ಅದ್ದಬೇಕಾಗ್ತದೆ. ಇನ್ನೊಬ್ಬರು ಕುಡಿಯೋ ನೀರು, ಮನಸ್ಸು ಹಿಂಜರೀತದೆ. ಎರಡು ವರ್ಷದಿಂದ ಹೇಳಬೇಕು ಅಂತಿದ್ದೆ. ಯಾರಿಗೆ ಹೇಳೋದು ಅಂತ ತಿಳೀಲಿಲ್ಲ."

ಹತ್ತು ಜನಕ್ಕೂ ನಾಚಿಕೆಯಾಯಿತು. ಕುಂಬಾರ ಆವತ್ತೇ ಬಿದಿರು ಸೀಳಿ ಉದ್ದದ ಹಿಡಿ ಕಟ್ಟಿದ. ರೈತ ಗಡಿಗೆ ತುಂಬಿದ. ವ್ಯಾಪಾರಿ ತೊಟ್ಟಿ ತೊಳೆದ. ಮಾರನೆಯ ದಿನ ಮತ್ತೆ ಜಗಳ ಶುರುವಾಯಿತು. ಒಂದು ಸೌಟಿನಿಂದ ತೀರುವ ಜಗಳ ಅದಾಗಿರಲಿಲ್ಲ.

ಕೊನೆಗೆ ಎಲ್ಲರೂ ಕುಂಬಾರನ ಕಡೆ ತಿರುಗಿ, ನೀನು ಹೇಳು ಎಂದರು. ಅವನು ಕಷ್ಟಪಟ್ಟು, ಗಡಿಗೆ ತೆಗೆಯುವುದು ನನ್ನಿಂದಾಗದು ಎಂದ. ಅಷ್ಟೇ. ವ್ಯಾಪಾರಿ ಎದ್ದು ನಿಂತ. ಅವನ ಹಿಂದೆ ನಾಲ್ಕು ಜನ ಎದ್ದರು. ಹೋಗುವ ಮುಂಚೆ ವ್ಯಾಪಾರಿ, ನೀರು ಸೋಸುವ ಬಟ್ಟೆಯನ್ನು ಎಷ್ಟು ಮಡಿಕೆ ಹಾಕುತ್ತೀ ಎಂದು ಕೇಳಿದ. ಸಿಟ್ಟಿನಲ್ಲೇ ಕೇಳಿದ. ಕುಂಬಾರ ದುಃಖದಲ್ಲೇ ಹೇಳಿದ. ಕೇಳಿದವರಿಗೆ ಇಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಐವರು ಒಂದು ಚೆಂಬನ್ನೂ ಒಯ್ಯಲಿಲ್ಲ. ಎಲ್ಲ ಇದ್ದಲ್ಲೇ ಇತ್ತು. ಆದರೂ ಕುಂಬಾರನಿಗೆ ಆ ಜಾಗ ಹಾಳು ಸುರಿಯುವಂತೆ ಕಂಡಿತು. ಹನ್ನೊಂದು ದಿನಕ್ಕೊಮ್ಮೆ ಬರುತ್ತಿದ್ದ ಸರದಿ ಈಗ ಆರು ದಿನಕ್ಕೊಮ್ಮೆ ಬರುತ್ತಿತ್ತು. ಉಳಿದ ಐವರು ಗೊಣಗಲಿಲ್ಲ. ಅವನು ಮಾತ್ರ ಗಡಿಗೆ ಎತ್ತುವಾಗಲೆಲ್ಲ, ನನ್ನ ಕೈಯಾರೆ ಮಾಡಿದ್ದನ್ನು ನನ್ನ ನಾಲಿಗೆಯಿಂದ ಕೆಡಿಸಿದೆ ಎಂದುಕೊಳ್ಳುತ್ತಿದ್ದ. ವ್ಯಾಪಾರಿಯ ಕಡೆಯವರು ದಾರಿಯ ನಟ್ಟನಡುವೆ, ಎರಡು ಹರದಾರಿಯಾಚೆ, ಚಪ್ಪರ ಹಾಕಿ, ಗಾಡಿಯಲ್ಲಿ ನೀರು ತರಿಸಿ ಹಂಡೆ ಇಟ್ಟಿದ್ದಾರೆ ಎಂಬ ಸುದ್ದಿ ಬಂತು. ಅವನು ಆ ದಿಕ್ಕಿಗೆ ಮುಖ ಹಾಕುವುದನ್ನೇ ಬಿಟ್ಟ.

ಮುಂದಿನ ಬೇಸಿಗೆಯಲ್ಲಿ ಬಳೆಯವಳು ಮತ್ತೆ ಬಂದಳು. ಈ ಸಲ ಅವಳ ಜೊತೆ ವಯಸ್ಸಾದ ಅತ್ತೆಯೂ ಇದ್ದಳು. ಕುಂಬಾರ ನೀರು ಮೊಗೆದು ಎತ್ತಿ ಹಿಡಿದ. ಬಳೆಯವಳು ಎರಡು ಗುಟುಕು ಕುಡಿದು ಸಾಕು ಎಂದಳು. ಕುಂಬಾರನಿಗೆ ಮನಸ್ಸು ಚುರುಕ್ ಎಂದಿತು.

"ಯಾಕವ್ವಾ, ನಮ್ಮ ನೀರು ಬೇಡವಾಯಿತೇ?"

"ಹಾಗಲ್ಲಣ್ಣ. ನಡುದಾರೀಲಿ ಕುಡಿದು ಬಂದೆ. ಮುಂಚೆ ಇವರನ್ನ ಕರಕೊಂಡು ಬರೋಕೆ ಧೈರ್ಯ ಇರಲಿಲ್ಲ. ಅಲ್ಲಿ ನೀರು ಸ್ವಲ್ಪ ಬಿಸಿ, ತಾಮ್ರದ ಹಂಡೆ ನೋಡು. ನೀನು ಗಡಿಗೆ ಮಾಡೋನಲ್ಲವಾ, ಒಂದು ಮಾತು ಹೇಳು ಅವರಿಗೆ."

ಕುಂಬಾರ ಒಂದು ವಾರ ಸುಮ್ಮನಿದ್ದ. ಆಮೇಲೆ ತಡೆಯಲಾಗಲಿಲ್ಲ. ಒಂದು ದೊಡ್ಡ ಮಣ್ಣಿನ ಬಾನಿ ಮಾಡಿದ. ನಲ್ಲಿ ಕೂರಲು ಬುಡದಲ್ಲಿ ತೂತು ಬಿಟ್ಟ. ಅಂಥ ತೂತನ್ನು ಅವನು ಹುಟ್ಟಿದಾಗಿನಿಂದ ಕೊರೆದಿರಲಿಲ್ಲ. ಸುಟ್ಟು, ಹೊತ್ತುಕೊಂಡು, ಬಿಸಿಲಲ್ಲಿ ಎರಡು ಹರದಾರಿ ನಡೆದ.

ಚಪ್ಪರ ಮುಟ್ಟುವಾಗ ಅವನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬಾನಿ ಇಳಿಸಿ, ಯಾರಿದ್ದಾರೆ ಎಂದೂ ನೋಡದೆ, ಬಗ್ಗಿ ಬೊಗಸೆ ಒಡ್ಡಿ ಕುಡಿದ. ಹೊಟ್ಟೆ ತುಂಬ ಕುಡಿದು ಬಾಯಿ ಒರೆಸಿಕೊಂಡ. ತಾನು ಕುಡಿದದ್ದು ನಲ್ಲಿಯಿಂದ ಎಂದು ಆಮೇಲೆ ಗೊತ್ತಾಯಿತು. ತಲೆ ಎತ್ತಿದರೆ, ನಲ್ಲಿ ತಿರುಗಿಸಿ ಹಿಡಿದು ನಿಂತಿದ್ದವನು ವ್ಯಾಪಾರಿ. ಸಾಕು ಎನ್ನುವ ತನಕ ಅವನು ನಿಲ್ಲಿಸಿರಲಿಲ್ಲ.

ಕುಂಬಾರನಿಗೆ ಅಳು ಬಂತು. ಒಂದು ವರ್ಷದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿದುಹೋಯಿತು. ಮನಸ್ಸು ಹಗುರಾಯಿತು. ವ್ಯಾಪಾರಿ ಬಾನಿಯನ್ನು ಸುತ್ತುಹಾಕಿ ನೋಡಿದ, ತೂತಿನಲ್ಲಿ ಬೆರಳಿಟ್ಟು ನೋಡಿದ. ಆಮೇಲೆ ಬೇರೆಲ್ಲೋ ನೋಡುತ್ತಾ, ಎತ್ತಿನ ತೊಟ್ಟಿಯನ್ನು ಯಾರ ಹತ್ತಿರ ಕಡೆಸಿದಿರಿ ಎಂದು ಮೆಲ್ಲಗೆ ಕೇಳಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಭಾನುವಾರ ತಾನು ಯಾವ ಮಾತು ಹೇಳಬಲ್ಲ ಎಂಬುದು ಕೊಟ್ರೇಶನಿಗೆ ಮೊದಲೇ ಗೊತ್ತಿತ್ತು. ಅದನ್ನು ಹೇಳುವ ಹೆದರಿಕೆ ಮಾತ್ರ ಈಗ ಹುಡುಕಿದರೂ ಸಿಗಲಿಲ್ಲ. ರಾಜೀನಾಮೆ ಕಳಿಸುವ ಅಗತ್ಯವೂ ಕಾಣಲಿಲ್ಲ. ಹೋಗುವವರು ಕೋಡನ್ನು ಒಯ್ಯಲಿ, ಅದಿರುವುದೇ ಒಯ್ಯಲಿಕ್ಕೆ. ಕೇಳಿದರೆ ದಾರಿಯನ್ನೂ ತೋರಿಸಿಕೊಟ್ಟರಾಯಿತು. ಬೆನ್ನು ನೆಟ್ಟಗಾಯಿತು. ಊಟ ಮಾಡಿ ಎಷ್ಟು ಹೊತ್ತಾಯಿತು ಎಂಬುದು ಆಗಲೇ ನೆನಪಾದದ್ದು. ಆದರೂ ಹನ್ನೊಂದು ವರ್ಷದ ಮಮತೆ ಅಷ್ಟು ಸುಲಭವಾಗಿ ಬಿಡಲಿಲ್ಲ.

"ಎಲ್ಲ ಸರಿ ಗುರುಗಳೇ. ಆದರೆ ಕೊನೆಗೆ ಕುಂಬಾರನ ಮಾತಿನಿಂದ ಅರವಟ್ಟಿಗೆ ಒಡೆದೇ ಹೋಯಿತಲ್ಲ?" ಎಂದ.

ಅದಕ್ಕೆ ಗುರುಗಳು ಹೇಳಿದರು.

"ಒಡೆಯಿತು ಅನ್ನುವವರು ಆ ಹತ್ತು ಮಂದಿ, ದಾರಿ ನಡೆಯುವವರು ಎರಡಾಯಿತು ಅನ್ನುತ್ತಾರೆ."