ಶಲ್ಯದ ಮೂಲೆಯ ಗುರುತು

ಒಂದೂರಿನಲ್ಲಿ ಒಬ್ಬ ಮಡಿವಾಳನಿದ್ದ. ಕೆರೆ ಏರಿಯ ಮೇಲೆ ಅವನು ಒಣಹಾಕಿದ ಬಟ್ಟೆ ಊರಿಗೆಲ್ಲ ಕಾಣುತ್ತಿತ್ತು, ಮೂಲೆಯಲ್ಲಿ ಗೇರುಕಾಯಿ ರಸದಿಂದ ಹಾಕಿದ ಕಪ್ಪು ಗುರುತೂ ಕಾಣುತ್ತಿತ್ತು. ಯಾವ ಗುರುತು ಯಾವ ಮನೆಯದು ಅನ್ನೋದು ಮಾತ್ರ ಅವನೊಬ್ಬನಿಗೇ ಗೊತ್ತು.

ಊರಿಗೆ ಕಜ್ಜಿ ಬಂತು. ಕಜ್ಜಿಯವರ ಬಟ್ಟೆಯನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಬೇಕೆಂದು ಸರ್ಕಾರದ ಅಪ್ಪಣೆಯಾಯಿತು. ಅಮಲ್ದಾರರು ಅಷ್ಟಕ್ಕೇ ಬಿಡಲಿಲ್ಲ. ಮಡಿವಾಳನನ್ನು ಚಾವಡಿಗೆ ಕರೆಸಿದರು.

"ಯಾರ್ಯಾರ ಮನೆಯಲ್ಲಿ ಕಜ್ಜಿ ಇದೆ, ಎಲ್ಲರ ಮುಂದೆ ಹೇಳು. ಇಲ್ಲದಿದ್ದರೆ ಕೆರೆಗೆ ಇಳಿಯಬೇಡ."

ಹೇಳಿದರೆ ಯಾರೂ ಬಟ್ಟೆ ಕೊಡುವುದಿಲ್ಲ, ಹೇಳದಿದ್ದರೆ ಕೆರೆಯೇ ಇಲ್ಲ. ಮಡಿವಾಳ ಕೈ ಮುಗಿದ.

"ಆಗಲಿ ಬುದ್ಧೀ. ಮೊದಲು ಗುರುತು ಹೇಳ್ತೀನಿ, ಆಮೇಲೆ ಮನೆ. ಒಂದು ಗೀಟು, ಮೂರು ಚುಕ್ಕೆ..."

ಚಾವಡಿಯವರೆಲ್ಲ ತಂತಮ್ಮ ಪಂಚೆಯ ಮೂಲೆ ತಡವಿಕೊಂಡರು. ಅಮಲ್ದಾರರೂ ಶಲ್ಯದ ಮೂಲೆ ನೋಡಿಕೊಂಡರು. ನೋಡಿದ್ದೇ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

"ಇರು, ಇರು. ಸರ್ಕಾರಕ್ಕೆ ಬೇಕಾದ್ದು ಬಟ್ಟೆ ಬೆಂದಿತೋ ಇಲ್ಲವೋ ಅನ್ನೋದು. ಹೆಸರು ಕಟ್ಟಿಕೊಂಡು ನಮಗೇನು?"

"ಹಾಗಾದರೆ ಊರಿನ ಬಟ್ಟೆಯನ್ನೆಲ್ಲ ಒಟ್ಟಿಗೇ ಉಬ್ಬೆಗೆ ಹಾಕ್ತೀನಿ ಬುದ್ಧೀ. ಬೇಕಾದವರು ನಿಂತು ನೋಡಲಿ. ತಮ್ಮ ಶಲ್ಯವನ್ನೂ ಕೊಡಿ."

"ನನ್ನದ್ಯಾಕೋ?"

"ಒಂದೇ ಒಂದು ಹೊರಗುಳಿದರೆ ಜನ ಅದನ್ನೇ ನೋಡ್ತಾರಲ್ಲ."

ಅಮಲ್ದಾರರು ಮೊಣಕೈ ಕೆರೆದುಕೊಳ್ಳುತ್ತಾ ಶಲ್ಯ ತೆಗೆದುಕೊಟ್ಟರು. ಗುರುತಿನ ಮೂಲೆಯನ್ನು ಒಳಗೆ ಮಡಿಸಿಯೇ ಕೊಟ್ಟರು.